ಪೂಜೆಗಿಟ್ಟ ವಿಳಾಸ

ನನ್ನ ತಮ್ಮನ ಫೋನಿಗೆ ಬರುತ್ತಿದ್ದ ಆ ಸಂದೇಶಗಳಲ್ಲಿ ಬೈಗುಳ ಇರುತ್ತಿರಲಿಲ್ಲ, ಬೆದರಿಕೆ ಇರುತ್ತಿರಲಿಲ್ಲ, ಬೇಡಿಕೆಯೂ ಇರುತ್ತಿರಲಿಲ್ಲ. ಬರೀ ಒಂದು ಅಂಕಿ. ಆ ದಿನ ಅವನ ಹತ್ತಿರ ಎಷ್ಟು ಇದೆಯೋ ಅಷ್ಟು, ರೂಪಾಯಿಯ ಲೆಕ್ಕದಲ್ಲಿ, ಕೊನೆಯ ರೂಪಾಯಿಯವರೆಗೂ. ಬೈದು ಬರೆದಿದ್ದರೆ ನಾವೂ ಬೈದು ಸುಮ್ಮನಾಗುತ್ತಿದ್ದೆವು. ದುಡ್ಡು ಕೇಳಿದ್ದರೆ ಕೊಡುವುದೋ ಬಿಡುವುದೋ ಕೂತು ಮಾತಾಡುತ್ತಿದ್ದೆವು. ಏನೂ ಕೇಳದವನಿಗೆ ಏನೆಂದು ಉತ್ತರ ಕೊಡುವುದು?

ನಾನು ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ವಾಣಿಜ್ಯ ವಿಷಯ ಕಲಿಸುತ್ತೇನೆ. ನನ್ನ ಯಜಮಾನರದು ಇದೇ ಊರಲ್ಲಿ ಬೀಜದ ಅಂಗಡಿ. ತಮ್ಮ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟುಕೊಂಡಿದ್ದಾನೆ. ಅವ್ವ ಅವನ ಜೊತೆಗೇ ಇದ್ದಾಳೆ. ಅವನ ಹೆಂಡತಿ, ಪ್ರಾಥಮಿಕ ಶಾಲೆಗೆ ಹೋಗುವ ಒಬ್ಬಳೇ ಮಗಳು, ಇಷ್ಟೇ ಮನೆ. ನನಗೆ ಬಾಯಿ ಜಾಸ್ತಿ, ಅವನಿಗೆ ಕಡಿಮೆ. ಅಪ್ಪನ ಬಾಯಿ ಅವನಿಗೆ ಬಂದಿದೆ, ಅವ್ವನದು ನನಗೆ ಬಂದಿದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ.

ಅಪ್ಪ ಹಾವೇರಿಯ ದನದ ಪೇಟೆಯಲ್ಲಿ ದಲಾಲಿ ಮಾಡುತ್ತಿದ್ದ. ಎತ್ತಿನ ವ್ಯಾಪಾರ ಅಲ್ಲಿ ಬಾಯಲ್ಲಿ ನಡೆಯುವುದಿಲ್ಲ. ಇಬ್ಬರು ಬಲಗೈ ಹಿಡಿದುಕೊಳ್ಳುತ್ತಾರೆ, ಕೈಯ ಮೇಲೆ ಟವೆಲ್ ಹೊದಿಸುತ್ತಾರೆ, ಒಳಗೆ ಬೆರಳು ಹಿಡಿದು ದರ ಹೇಳುತ್ತಾರೆ. ಹೊರಗೆ ಮಾತ್ರ ಮಳೆಯ ಸುದ್ದಿ, ಬೀಗರ ಸುದ್ದಿ. ಹಗ್ಗ ಹಿಡಿದು ಪಕ್ಕದಲ್ಲೇ ನಿಂತವನಿಗೂ ಎತ್ತು ಎಷ್ಟಕ್ಕೆ ಹೋಯಿತೆಂದು ತಿಳಿಯುವುದಿಲ್ಲ. ಸಣ್ಣವಳಿದ್ದಾಗ ನಾನು ಅಪ್ಪನ ಪಕ್ಕ ನಿಂತು ಟವೆಲ್ಲಿನ ಅಲುಗಾಟ ನೋಡಿ ದರ ಊಹಿಸಲು ಒದ್ದಾಡುತ್ತಿದ್ದೆ. ಮನೆಗೆ ಬಂದ ಮೇಲೆ ಅವ್ವ, “ಇವತ್ತ ಎಷ್ಟ ಸಿಕ್ತು?” ಅಂದರೆ ಅಪ್ಪ “ಆತು” ಅನ್ನುತ್ತಿದ್ದ. “ಆತು ಅಂದ್ರ ಎಷ್ಟು?” ಅಂದರೆ ಕೈಕಾಲು ತೊಳೆಯಲು ಹೋಗಿಬಿಡುತ್ತಿದ್ದ. ಅಪ್ಪ ಯಾರಿಗೂ ಮೋಸ ಮಾಡಿದವನಲ್ಲ. ಮುಚ್ಚಿ ಮಾಡಿದ್ದೆಲ್ಲ ಕಳ್ಳತನ ಎಂದು ನಮ್ಮ ಮನೆಯಲ್ಲಿ ಯಾರೂ ತಿಳಿದಿರಲಿಲ್ಲ.

ಅಂಥ ಮನೆಯ ಮಗ ಕ್ರಿಪ್ಟೊ ಕೊಂಡದ್ದು ಹೇಗೆ ಎಂದರೆ, ಎಲ್ಲರೂ ಕೊಂಡ ಹಾಗೆಯೇ. ಹೊರಗಿನಿಂದ ಮೆಣಸಿನಕಾಯಿ ಖರೀದಿಗೆ ಬರುವ ಒಬ್ಬರು ಚಹಾ ಕುಡಿಯುತ್ತಾ ಇದರ ಸುದ್ದಿ ಎತ್ತಿದ್ದರು. ತಮ್ಮ ಹಂಗಾಮು ಮುಗಿದ ಮೇಲೆ ಕೈಯಲ್ಲಿ ಉಳಿದದ್ದರಲ್ಲಿ ಸ್ವಲ್ಪ ಹಾಕಿದ. ಮರುವರ್ಷ ಇನ್ನಷ್ಟು. ಬಿದ್ದಾಗ ಮಾರಲಿಲ್ಲ, ಎದ್ದಾಗಲೂ ಮಾರಲಿಲ್ಲ. ಅವನಿಗೆ ಅವಸರವೇ ಇಲ್ಲ. ಸಣ್ಣವನಿದ್ದಾಗಲೂ ತನ್ನ ಪಾಲಿನ ಬೆಲ್ಲ ಇಟ್ಟುಕೊಂಡು, ನನ್ನದು ಮುಗಿದ ಮೇಲೆ ನನ್ನೆದುರೇ ತಿನ್ನುತ್ತಿದ್ದ. ಹೀಗೆ ಬಿದ್ದುಕೊಂಡಿದ್ದದ್ದು ಬೆಳೆದು, ಅವನ ಅಂಗಡಿ, ಮನೆ, ಹೊಲ ಮೂರನ್ನೂ ಕೂಡಿಸಿದರೂ ಅದರ ಮುಂದೆ ಸಣ್ಣದಾಗಿ ಕಾಣುವಷ್ಟಾಯಿತು. ಎಷ್ಟು ಎನ್ನುವುದು ಅವನ ಹೆಂಡತಿಗೆ ಮತ್ತು ನನಗೆ ಮಾತ್ರ ಗೊತ್ತು; ಫೋನಿನಲ್ಲಿ ಏನೋ ಇದೆ ಎಂದಷ್ಟೇ ಅವ್ವನಿಗೆ ಗೊತ್ತು. ನನಗೆ ಹೇಳಿದ್ದೂ ತೆರಿಗೆಯ ಲೆಕ್ಕ ಕೇಳುವುದಕ್ಕಾಗಿ. ಕಟ್ಟಬೇಕಾದದ್ದನ್ನು ಕಟ್ಟಿದ. ಹಳೆಯ ಕಾರನ್ನೇ ಓಡಿಸುತ್ತಿದ್ದ, ಅವೇ ಎರಡು ಜೊತೆ ಚಪ್ಪಲಿ ಮೆಟ್ಟುತ್ತಿದ್ದ.

ಕಳ್ಳರು ಕದಿಯದಂತೆ ಎಲ್ಲ ಏರ್ಪಾಡು ಮಾಡಿದ್ದ. ಆ ನಾಣ್ಯ ತೆಗೆಯಲು ಬೇಕಾದ ಕೀಲಿ ಒಂದು ಪೆನ್ ಡ್ರೈವಿನಂಥ ಸಾಮಾನಿನಲ್ಲಿ ಇತ್ತು, ಅದನ್ನು ಲಾಕರಿನಲ್ಲಿ ಇಟ್ಟಿದ್ದ. ಅದು ಕೆಟ್ಟರೆ ಬೇಕಾಗುವ ಗುಟ್ಟಿನ ಪದಗಳನ್ನು ಎಲ್ಲಿಟ್ಟಿದ್ದನೋ ನನಗೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ನೋಡುವವರೂ ಬರಬಹುದು ಎನ್ನುವುದು ಅವನಿಗೆ ಹೊಳೆಯಲೇ ಇಲ್ಲ. ಒಂದು ಅಂಗಡಿಗೆ ಒಂದೇ ಬಾಗಿಲು ಎನ್ನುವ ಹಾಗೆ, ವರ್ಷಗಟ್ಟಲೆ ಕೊಂಡದ್ದನ್ನೆಲ್ಲ ಒಂದೇ ವಿಳಾಸಕ್ಕೆ ತಂದು ತುಂಬಿದ್ದ. ವಿಳಾಸ ಎಂದರೆ ಅಕ್ಷರ, ಅಂಕಿ ಬೆರೆತ ಉದ್ದನೆಯ ಒಂದು ಸಾಲು. ನಾಣ್ಯ ಬಂದು ಸೇರುವುದು ಅಲ್ಲಿಗೆ.

ಇಲ್ಲಿ ದೀಪಾವಳಿ ಅಮಾವಾಸ್ಯೆಗೆ ಅಂಗಡಿ ಪೂಜೆ ಇರುತ್ತದೆ. ಬಾಳೆಕಂಬ, ಕಬ್ಬು, ಚೆಂಡುಹೂವಿನ ಮಾಲೆ ಕಟ್ಟಿ, ಹೊಸ ಕಿರ್ದಿ ಖಾತೆ ಪುಸ್ತಕಗಳನ್ನು, ತಕ್ಕಡಿಯನ್ನು, ಗಲ್ಲಾಪೆಟ್ಟಿಗೆಯನ್ನು ಇಟ್ಟು ಪೂಜೆ ಮಾಡುತ್ತೇವೆ. ಈಗ ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿ, ಆದರೂ ಪೂಜೆಗೆಂದೇ ಕೆಂಪು ಬಟ್ಟೆಯ ಪುಸ್ತಕ ತರುತ್ತಾರೆ. ಆ ವರ್ಷ ನಾನೂ ಹೋಗಿದ್ದೆ. ಅವ್ವ ತಕ್ಕಡಿಗೆ ವಿಭೂತಿ ಹಚ್ಚುತ್ತಾ ತಮ್ಮನನ್ನು ಕರೆದಳು.

“ವರ್ಷೆಲ್ಲಾ ಯಾವ್ಯಾವುದು ದುಡದೈತಿ, ಅದಕ್ಕೆಲ್ಲಾ ಇವತ್ತ ಕೈ ಮುಗೀಬೇಕು. ನಿನ್ನ ಫೋನಿನ್ಯಾಗಿಂದು ಏನೋ ಐತೆಲ್ಲ, ಅದನ್ನ ಯಾಕ ಇಟ್ಟಿಲ್ಲ?”

ತಮ್ಮ ನಕ್ಕ. “ಅದನ್ನ ಇಡಾಕ ಬರೂದಿಲ್ಲಬೇ. ಅದು ಕಾಣೂ ಸಾಮಾನಲ್ಲ.”

“ಲಕ್ಷ್ಮೀನೂ ಕಾಣೂದಿಲ್ಲ. ಫೋಟೊ ಇಟ್ಟೇವಿಲ್ಲ?”

ಅವನು ತನ್ನ ವಿಳಾಸವನ್ನೂ ಅದರ ಕ್ಯೂಆರ್ ಕೋಡನ್ನೂ ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು ಖಾತೆ ಪುಸ್ತಕಗಳ ನಡುವೆ ನಿಲ್ಲಿಸಿದ. ಅವ್ವ ಅದಕ್ಕೂ ವಿಭೂತಿಯ ಗೆರೆ ಎಳೆದು, ಕುಂಕುಮ ಇಟ್ಟು, ಹೂವು ಏರಿಸಿದಳು. “ಮುಂದಿನ ವರ್ಷ ಇಂಟರ್ನೆಟ್ ಡಬ್ಬಿಗೂ ಉದಿನಕಡ್ಡಿ ಬೆಳಗೂಣು” ಎಂದು ನಾನು ಕಾಡಿಸಿದೆ. ಅವನು ನನ್ನ ಕಿವಿಯ ಹತ್ತಿರ ಬಂದು, “ಇದು ಬರೀ ರೊಕ್ಕ ಬರೂ ಬಾಗಲಾ ಅಕ್ಕಾ. ತೆಗೀಬೇಕಂದ್ರ ಕೀಲಿ ಬ್ಯಾರೆ ಐತಿ. ಕೌಂಟರಿಗೆ ಸ್ಕ್ಯಾನರ್ ಅಂಟಿಸಿಲ್ಲೇನ, ಹಂಗ ಇದು” ಅಂದ. ಅವನ ಮಾತಿನಲ್ಲಿ ಅರ್ಧ ಖರೆಯೇ ಇತ್ತು.

ಅವನ ಹೆಂಡತಿ ಪೂಜೆಯ ಫೋಟೊ ತೆಗೆದಳು. ಪ್ರತಿವರ್ಷ ತೆಗೆಯುವಂತೆ ತೆಗೆದಳು, ಪ್ರತಿವರ್ಷ ಹಾಕುವಂತೆ ಅಂಗಡಿಯ ಫೋನಿನ ಸ್ಟೇಟಸ್ಸಿಗೆ ಹಬ್ಬದ ಶುಭಾಶಯ ಸೇರಿಸಿ ಹಾಕಿದಳು. ಹಾಕುವ ಮೊದಲು ತಮ್ಮನಿಗೂ ತೋರಿಸಿದಳು. ಬಹಳ ಚೆಂದ ಬಂದಿತ್ತು ಫೋಟೊ. ಮೇಲೆ ಅಂಗಡಿಯ ಹೆಸರಿನ ಫಲಕ, ಫಲಕದಲ್ಲಿ ತಮ್ಮನ ಹೆಸರು, ಕೆಳಗೆ ಹೂವಿನ ನಡುವೆ ಆ ಹಾಳೆ. ಆ ಫೋನಿನಲ್ಲಿ ಮೆಣಸಿನಕಾಯಿ ತರುವ ರೈತರ ನಂಬರ್ ಇದ್ದವು, ಖರೀದಿದಾರರದು, ಲಾರಿಯವರದು, ಹಮಾಲರದು, ಬೀಗರದು, ಬಳಗದ್ದು, ನನ್ನದು.

ಕಾರ್ತಿಕದ ಕೊನೆಯ ಹೊತ್ತಿಗೆ ತಮ್ಮ ಒಂದು ರವಿವಾರ ನಮ್ಮ ಮನೆಗೆ ಬಂದ. ಚಹಾ ಕುಡಿದು, ಕಪ್ಪು ಕೆಳಗಿಟ್ಟು, “ಅಕ್ಕಾ, ಯಾರೋ ನನಗ ರೊಕ್ಕ ಕಳಸಾಕತ್ತಾರ” ಅಂದ.

“ಚಲೋ ಆತಲ್ಲ. ನಂದೂ ನಂಬರ್ ಕೊಡು ಅವ್ರಿಗೆ.”

ಅವನು ನಗಲಿಲ್ಲ. ಅವನ ವಿಳಾಸಕ್ಕೆ ಯಾರೋ ಅರ್ಧ ಕಪ್ಪು ಚಹಾಕ್ಕೂ ಸಾಲದಷ್ಟು ಚೂರು ನಾಣ್ಯ ಹಾಕಿದ್ದರು. ಕೆಲವು ದಿನ ಬಿಟ್ಟು ಮತ್ತೊಂದು ಚೂರು. ನಾನು ಕಂಪ್ಯೂಟರಿನ ಮುಂದೆ ಕೂತು ಇದರ ಬಗ್ಗೆ ಓದತೊಡಗಿದೆ. ಕುರಿ ಕಾಯುವವರು ಒಂದು ಕುರಿಗೆ ಬಣ್ಣ ಹಚ್ಚಿ ಹಿಂಡಿಗೆ ಬಿಟ್ಟಂತೆ ಇದು; ಆ ಚೂರು ಯಾವುದರ ಜೊತೆ ಸೇರಿ ಎಲ್ಲಿಗೆ ಹೋಗುತ್ತದೆ ಎಂದು ನೋಡಿದರೆ ಅದರ ಒಡೆಯನ ಬಾಕಿ ವಿಳಾಸಗಳೂ ಸಿಗುತ್ತವೆ. ಓದುತ್ತಾ ಹೋದಂತೆ ನನಗೆ ಇನ್ನೊಂದು ಸಂಗತಿ ತಿಳಿಯಿತು. ಅವನ ವಿಳಾಸವನ್ನು ಒಂದು ಜಾಲತಾಣದಲ್ಲಿ ಹಾಕಿದೆ. ಯಾರ ಅಪ್ಪಣೆಯನ್ನೂ ಕೇಳದೆ ಪುಟ ತೆರೆದುಕೊಂಡಿತು. ಅವನು ಎಂದು ಎಷ್ಟು ತಂದು ಹಾಕಿದ, ಈಗ ಒಟ್ಟು ಎಷ್ಟಿದೆ, ಎಲ್ಲ ಸಾಲಾಗಿ ಇತ್ತು.

ತಿಳಿಯದವರಿಗಾಗಿ ಹೇಳುತ್ತೇನೆ. ಈ ನಾಣ್ಯದ ಕೊಡು-ಕೊಳ್ಳುವಿಕೆಯೆಲ್ಲ ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿ ಒಟ್ಟಿಗೆ ದಾಖಲಾಗುತ್ತದೆ, ಯಾರು ಬೇಕಾದರೂ ನೋಡಬಹುದು. ಅಲ್ಲಿ ಹೆಸರು ಇರುವುದಿಲ್ಲ, ವಿಳಾಸ ಮಾತ್ರ. ಹೆಸರು ಇಲ್ಲದ್ದೇ ಅಲ್ಲಿನ ಮರೆ. ನಾನು ಇಷ್ಟು ವರ್ಷ ಲೆಕ್ಕಪತ್ರ ಕಲಿಸಿದವಳು. ಲೆಕ್ಕ ಮಾಲೀಕನಿಗೆ, ಲೆಕ್ಕ ಪರಿಶೋಧಕನಿಗೆ, ಸರಕಾರಕ್ಕೆ ಎಂದು ಹೇಳಿಕೊಟ್ಟವಳು. ಇಲ್ಲಿ ಲೆಕ್ಕ ಬೀದಿಯಲ್ಲಿತ್ತು, ಹೆಸರೊಂದೇ ಒಳಗಿತ್ತು. ಆ ಹೆಸರನ್ನು ನಾವು ಹೂವು ಏರಿಸಿ ಊರಿಗೆಲ್ಲ ತೋರಿಸಿದ್ದೆವು. ಕೌಂಟರಿನ ಸ್ಕ್ಯಾನರ್ ನೋಡಿದವನಿಗೆ ನಿಮ್ಮ ಬ್ಯಾಂಕಿನ ಪಾಸ್‌ಬುಕ್ ಕಾಣುವುದಿಲ್ಲ. ಇದರಲ್ಲಿ ಕಾಣುತ್ತದೆ.

“ಅಳಸಾಕ ಬರೂದಿಲ್ಲೇನ?” ಅಂದ ತಮ್ಮ.

ಸ್ಟೇಟಸ್ ಮರುದಿನವೇ ತಾನಾಗಿ ಹೋಗಿತ್ತು. ಅದನ್ನು ಯಾರ್ಯಾರು ನೋಡಿದರು ಎನ್ನುವುದೂ ಅದರ ಜೊತೆ ಹೋಗಿತ್ತು. ದಾಖಲೆ ಮಾತ್ರ ಅಳಿಸುವಂಥದ್ದಲ್ಲ. ನಾನು ತಲೆ ಅಲ್ಲಾಡಿಸಿದೆ. ಅವನು ಸ್ವಲ್ಪ ಹೊತ್ತು ತನ್ನ ಲೆಕ್ಕವನ್ನು ನನ್ನ ಪರದೆಯ ಮೇಲೆ ನೋಡುತ್ತಾ ನಿಂತ. ನನಗೆ ಅವನನ್ನು ನೋಡಿ ಸಂಕಟವಾಯಿತು.

ಮೊದಲ ಸಂದೇಶ ಬಂದದ್ದು ಆ ವಾರವೇ. ಅವನು ಮಾರುಕಟ್ಟೆಯಲ್ಲಿದ್ದ. ಪರದೇಶದ ನಂಬರಿನಂತೆ ಕಾಣುವ ಒಂದು ನಂಬರಿನಿಂದ ಒಂದು ಅಂಕಿ. ಮೊದಲು ಯಾವುದೋ ಬಿಲ್ಲಿನ ಮೊತ್ತ ಇರಬೇಕೆಂದುಕೊಂಡನಂತೆ. ಆಮೇಲೆ ತನ್ನ ನಾಣ್ಯದ ಅಂದಿನ ಬೆಲೆ ಲೆಕ್ಕ ಹಾಕಿ ನೋಡಿದ. ಸರಿಯಾಗಿ ಅದೇ ಇತ್ತು. ನನಗೆ ಫೋನ್ ಹಚ್ಚಿ, ಹಮಾಲರ ಕೂಗು, ಲಾರಿಯ ಸದ್ದಿನ ನಡುವೆಯೇ ಅದನ್ನು ಹೇಳಿದ.

ನನಗೆ ಹೇಳದೆ ಕೇಳದೆ ಮರುದಿನವೇ ಎಲ್ಲವನ್ನೂ ಬಾಚಿ ಒಂದು ಹೊಸ ವಿಳಾಸಕ್ಕೆ ಕಳಿಸಿಬಿಟ್ಟ. ಚೂರು ನಾಣ್ಯಗಳೂ ಜೊತೆಗೆ ಹೋದವು. ಅದರ ಮರುದಿನ ಬೆಳಿಗ್ಗೆ ಸಂದೇಶ ಬಂತು. ಅಂಕಿ ಸ್ವಲ್ಪ ಇಳಿದಿತ್ತು. ಸಾಗಿಸಲು ತಗುಲಿದ ಖರ್ಚನ್ನೂ ಕಳೆದು ಬರೆದಿದ್ದರು.

ನನಗೆ ಸಿಟ್ಟು ತಡೆಯಲಾಗಲಿಲ್ಲ. “ಮನಿ ಬದಲ ಮಾಡೀದಿ ಖರೆ. ಆದ್ರ ಹಗಲಹೊತ್ತಿನ್ಯಾಗ, ಊರ ಅಗಸಿ ಬಾಗಲ ಮುಂದ ಹಾದು, ಎಲ್ಲಾ ಸಾಮಾನ ಒಂದ ಟ್ರ್ಯಾಕ್ಟರಿನ್ಯಾಗ ಹೇರಿಕೊಂಡು ಹೋಗೀದಿ. ನೋಡೂ ಮಂದಿ ಹಿಂದಿಂದ ಬಂದು ಹೊಸಾ ಮನಿ ನೋಡಿಕೊಂಡು ಹ್ವಾದ್ರು.”

“ಮತ್ತೇನ ಮಾಡಬೇಕಿತ್ತು ನಾನು?”

ಅದು ನನಗೂ ಆಗ ಪೂರ್ತಿ ಗೊತ್ತಿರಲಿಲ್ಲ. ಪ್ರತಿಸಲ ಹೊಸ ವಿಳಾಸ ಬಳಸಬೇಕು, ಎಲ್ಲವನ್ನೂ ಒಂದೇ ಕಡೆ ಇಡಬಾರದು, ಯಾವ ವಿಳಾಸದ ಪಕ್ಕದಲ್ಲೂ ತನ್ನ ಹೆಸರು ಕೂರಲು ಬಿಡಬಾರದು ಎಂದು ಓದಿಕೊಂಡಿದ್ದೆ. ಕುಂಕುಮ ಹಚ್ಚುವ ಮೊದಲು ಓದಬೇಕಾದ ಮಾತುಗಳು ಅವು.

ಆಮೇಲೆ ಮೆಣಸಿನಕಾಯಿಯ ಹಂಗಾಮು ಶುರುವಾಯಿತು. ಬ್ಯಾಡಗಿಯಲ್ಲಿ ಆ ತಿಂಗಳುಗಳಲ್ಲಿ ಗಾಳಿಯೇ ಖಾರ. ಬಸ್ಸಿನಿಂದ ಇಳಿದವರು ಮೊದಲು ಸೀನಿ ಆಮೇಲೆ ಮಾತಾಡುತ್ತಾರೆ. ಮಾರುಕಟ್ಟೆಯೊಳಗೆ ಹಮಾಲರು, ರೈತರು, ಖರೀದಿದಾರರು ಎಲ್ಲರೂ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡಿರುತ್ತಾರೆ, ಕಣ್ಣು ಮಾತ್ರ ಕಾಣುತ್ತವೆ. ತಮ್ಮ ಅಂಗಡಿ ಇಟ್ಟಾಗಿನಿಂದ ನೋಡಿದ್ದೇ. ಆ ವರ್ಷ ಮಾತ್ರ ಅವನು ಅಲ್ಲಿ ನಿಂತು ವ್ಯಾಪಾರ ಮಾಡಲಾರದೆ ಹೋದ. “ಎಲ್ಲಾರೂ ನನ್ನ ಕಡೇನ ನೋಡಾಕತ್ತಾರ ಅನಸ್ತೈತಿ ಅಕ್ಕಾ” ಎನ್ನುತ್ತಿದ್ದ. ಎಲ್ಲರೂ ನೋಡುವುದೇ ಹೌದು, ದಲಾಲಿಯನ್ನು ನೋಡದೆ ವ್ಯಾಪಾರ ಹೇಗೆ ನಡೆಯುತ್ತದೆ? ಹಾಗೆಂದು ಹೇಳಿದೆ. ಅದರಿಂದ ಅವನಿಗೆ ಯಾವ ಉಪಯೋಗವೂ ಆಗಲಿಲ್ಲ.

ಕುಪ್ಪೇಲೂರಿನಿಂದ ದೂರದ ಸಂಬಂಧದ ಕಾಕಾ ಒಬ್ಬರು ಬಂದು, ಮಗಳ ಮದುವೆಗೆ ಸಹಾಯ ಕೇಳಿದರು. “ನಿನಗೇನ ಕಡಿಮಿ ಐತಪಾ” ಅಂದರು. ಈ ಮಾತನ್ನು ಅವರು ತಮ್ಮನಿಗೆ ಇಪ್ಪತ್ತು ವರ್ಷದಿಂದ ಹೇಳುತ್ತ ಬಂದಿದ್ದಾರೆ. ಅವನು ಸೈಕಲ್ ಹೊಡೆಯುತ್ತಿದ್ದಾಗಲೂ ಹೇಳಿದ್ದಾರೆ. ಈ ಸಲ ತಮ್ಮ ಅವರ ಮುಖವನ್ನು ಎಷ್ಟು ಹೊತ್ತು ದಿಟ್ಟಿಸಿ ನೋಡಿದನೆಂದರೆ ಆ ಹಿರಿಯರು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರಂತೆ. ಅವ್ವ ಫೋನಿನಲ್ಲಿ ಅತ್ತಳು. ಅವನ ಹೆಂಡತಿ ನನಗೆ, “ಅಕ್ಕಾರ, ಇವ್ರು ನನ್ನ ಮೊಬೈಲಾಗ ಯಾರ್ಯಾರ ನಂಬರ್ ಅದಾವ ಅಂತ ಒಂದೊಂದ ಕೇಳಾಕತ್ತಾರ್ರಿ. ನಮ್ಮ ಅಣ್ಣಂದೂ ಬಿಟ್ಟಿಲ್ಲ” ಅಂದಳು.

ಅವನಿಗೆ ದುಡ್ಡು ಹೋಗುವ ಭಯ ಇರಲಿಲ್ಲ. ಹೋದರೆ ಹೋಗಲಿ ಎಂದು ನನ್ನ ಮುಂದೆ ಎಷ್ಟೋ ಸಲ ಅಂದಿದ್ದಾನೆ. ಅವನ ಭಯ ಬೇರೆ. ಬ್ಯಾಂಕಿನ ದುಡ್ಡಿಗೆ ಬ್ಯಾಂಕು ಇದೆ, ಮ್ಯಾನೇಜರ್ ಇದ್ದಾನೆ. ಈ ನಾಣ್ಯದ ಕೀಲಿ ಗೊತ್ತಿರುವುದು ಅವನೊಬ್ಬನಿಗೆ. ಬೇಕಾದವರು ಅವನನ್ನೇ ಹಿಡಿಯಬೇಕು, ಇಲ್ಲವೇ ಅವನು ಬಾಯಿ ಬಿಡುವಂತೆ ಮಗಳನ್ನು ಹಿಡಿಯಬೇಕು. ಶಾಲೆಯ ವ್ಯಾನು ಬಿಡಿಸಿದ, ತಾನೇ ಬಿಟ್ಟು ಬರತೊಡಗಿದ. ಶಾಲೆ ಬಿಡುವ ಮೊದಲೇ ಹೋಗಿ ಗೇಟಿನ ಎದುರು ನಿಲ್ಲುತ್ತಿದ್ದ. ಯಾರಾದರೂ ಹುಡುಗಿಯ ಗಲ್ಲ ಮುಟ್ಟಿದರೆ ಮೈಮೇಲೆ ಹೋಗುತ್ತಿದ್ದ.

“ಎಲ್ಲಾ ಮಾರಿಬಿಡು” ಅಂದೆ ನಾನು.

“ಮಾರಿದ್ರ ಅಂಕಿ ಸೊನ್ನಿ ಆಗ್ತೈತಿ. ಸೊನ್ನಿ ನೋಡಿ ಅವ ಸುಮ್ಮನ ಕುಂದ್ರತಾನೇನ? ರೊಕ್ಕ ಎಲ್ಲಿಟ್ಟಾನ ಅಂತ ಹುಡಕ್ತಾನ.”

ಇಬ್ಬರೂ ಹಾವೇರಿಗೆ ಹೋಗಿ ಪೊಲೀಸರಿಗೆ ದೂರು ಕೊಟ್ಟೆವು. ಅಧಿಕಾರಿ ಒಳ್ಳೆಯ ಮನುಷ್ಯ. ಪೂರ್ತಿ ಕೇಳಿಸಿಕೊಂಡರು, ಸಂದೇಶಗಳನ್ನು ಬರೆಸಿಕೊಂಡರು. ಇಂಟರ್ನೆಟ್ಟಿನಿಂದ ಪಡೆದ ನಂಬರ್ ಇರಬಹುದು, ಹುಡುಕಲು ಹೊತ್ತು ಹಿಡಿಯುತ್ತದೆ, ಮಗಳನ್ನು ಒಬ್ಬಳನ್ನೇ ಬಿಡಬೇಡಿ ಎಂದರು. ಆಮೇಲೆ ದೂರಿನಲ್ಲಿ ಬರೆಯಲು, “ಒಟ್ಟ ಎಷ್ಟ ಐತ್ರಿ?” ಎಂದು ಕೇಳಿದರು. ಕೇಳಲೇಬೇಕಾದ ಪ್ರಶ್ನೆ ಅದು. ತಮ್ಮ ನನ್ನ ಮುಖ ನೋಡಿದ. ಆ ಕೋಣೆಯಲ್ಲಿ ಇನ್ನೂ ಕೆಲವರು ಕೂತಿದ್ದರು, ತಮ್ಮ ತಮ್ಮ ದೂರು ಹಿಡಿದು ಬಂದವರು. ಅವನು ಸಣ್ಣ ದನಿಯಲ್ಲಿ ಹೇಳಿದ. ಸಣ್ಣ ದನಿಯಲ್ಲಿ ಹೇಳಿದ್ದಕ್ಕೇ ಎಲ್ಲರೂ ಮಾತು ನಿಲ್ಲಿಸಿ ಕೇಳಿಸಿಕೊಂಡರು.

ಹೊರಗೆ ಬಂದ ಮೇಲೆ ಅವನು ಕಾರಿನಲ್ಲಿ ಕೂತು, “ಈಗ ಇನ್ನೂ ನಾಕ ಮಂದಿಗೆ ಗೊತ್ತಾತು” ಅಂದ.

ಅದಾದ ಮೇಲೆ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದ. ನಾನು ರೊಟ್ಟಿ ಬಡಿಯುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅಕ್ಕಾ, ನಿನ್ನ ಫೋನ್ ಒಂದೀಟ ಕೊಡು” ಅಂದ. ಹಿಟ್ಟಿನ ಕೈಯಲ್ಲೇ ತೋರಿಸಿದೆ, ತೆಗೆದುಕೊಂಡ. ಯಾರಿಗೋ ಫೋನ್ ಹಚ್ಚುತ್ತಾನೆ ಅಂದುಕೊಂಡೆ. ರೊಟ್ಟಿ ತಿರುವಿ ಹಾಕಿ ಹಿಂದೆ ನೋಡಿದರೆ, ಅವನು ನನ್ನ ಫೋಟೊಗಳನ್ನು ಒಂದೊಂದಾಗಿ ಸರಿಸುತ್ತಿದ್ದ. ದೀಪಾವಳಿಯ ತನಕ ಹಿಂದೆ ಹೋಗಿದ್ದ. ಆ ಪೂಜೆಯ ಫೋಟೊವನ್ನು ನಾನು ಉಳಿಸಿಕೊಂಡಿದ್ದೇನೆಯೇ ಎಂದು ಹುಡುಕುತ್ತಿದ್ದ.

ಅಪ್ಪ ಸತ್ತ ದಿನ ನನ್ನ ಮಡಿಲಲ್ಲಿ ತಲೆ ಇಟ್ಟು ಮಲಗಿದ್ದ ಹುಡುಗ ಇವನು.

“ಸಿಕ್ತೇನ?” ಅಂದೆ.

ಅವನು ಫೋನನ್ನು ಕಟ್ಟೆಯ ಮೇಲೆ ಇಟ್ಟ. “ಇಲ್ಲ” ಅಂದ. “ಮಾಮಾಂದು?” ಅಂದ.

“ಅವ್ರು ಅಂಗಡ್ಯಾಗ ಅದಾರ. ಹೋಗಿ ನೀನ ಕೇಳು. ನನ್ನ ಗಂಡನ್ನ ನಾ ತಪಾಸ ಮಾಡಿಕೊಡೂದಿಲ್ಲ.”

ಅವನು ಹೋಗಲಿಲ್ಲ, ಊಟವನ್ನೂ ಮಾಡಲಿಲ್ಲ. ಅವನು ಹೋದ ಮೇಲೆ ನಾನು ತವೆಯ ಮೇಲಿನ ರೊಟ್ಟಿ ಸೀದದ್ದನ್ನೂ ನೋಡದೆ ಅತ್ತೆ. ಆ ನಂತರ ಬಹಳ ದಿನ ನಾವಿಬ್ಬರೂ ಮಾತಾಡಲಿಲ್ಲ. ನಾನೂ ಹಟದವಳೇ.

ಅಷ್ಟರಲ್ಲಿ ಅವನು ತಾನೇ ಕೂತು ಕಲಿತ. ಅಂಕಿ ಒಮ್ಮೆಲೇ ಸೊನ್ನೆಯಾಗದಂತೆ ನಾಣ್ಯವನ್ನು ಸ್ವಲ್ಪ ಸ್ವಲ್ಪವೇ, ಬೇರೆ ಬೇರೆ ವಾರಗಳಲ್ಲಿ, ಕಾನೂನಿನಂತೆ ನಡೆಯುವ ವಿನಿಮಯ ಕಂಪನಿಯೊಂದರ ಮೂಲಕ ಮಾರಿದ. ಬಂದ ದುಡ್ಡು ಖಾತೆಗೆ ಬಂತು, ತೆರಿಗೆಗೆ ಎತ್ತಿಟ್ಟ. ಸ್ವಲ್ಪವನ್ನು ಮಾತ್ರ ಮತ್ತೆ ಕೊಂಡು ಹೊಸ ಹೊಸ ವಿಳಾಸಗಳಿಗೆ ತೆಗೆದುಕೊಂಡ, ಯಾವುದಕ್ಕೂ ಹಳೆಯದರ ನಂಟಿಲ್ಲದಂತೆ. ಕಂಪನಿಗೆ ಎಲ್ಲ ಗೊತ್ತು, ಸರಕಾರಕ್ಕೂ ಗೊತ್ತು. ಆದರೆ ಹೊರಗೆ ನಿಂತು ಇಣುಕುವವನಿಗೆ ದಾರಿ ಅಲ್ಲಿಗೆ ಕಡಿದುಹೋಯಿತು. ಸಂದೇಶಗಳಲ್ಲಿನ ಅಂಕಿ ಇಳಿಯುತ್ತಾ ಬಂತು. ಹಳೆಯ ವಿಳಾಸಗಳು ಖಾಲಿಯಾದ ಮೇಲೆ ಒಂದು ದಿನ ಸೊನ್ನೆ ಬಂತು. ಆಮೇಲೆ ಏನೂ ಬರಲಿಲ್ಲ.

ಇದನ್ನೆಲ್ಲ ಅವನ ಹೆಂಡತಿ ನನಗೆ ಫೋನಿನಲ್ಲಿ ಹೇಳಿದಳು. ಸೊನ್ನೆ ಬಂದು ಹೆಚ್ಚುಕಮ್ಮಿ ಒಂದು ತಿಂಗಳಾಗಿತ್ತು. “ರಾತ್ರಿ ನಿದ್ದಿ ಮಾಡಾಕತ್ತಾರ್ರಿ” ಅಂದಳು. “ರವಿವಾರ ನಿಮ್ಮಲ್ಲೆ ಬರ್ತೀವಿ ಅಂದಾರ.” ನನ್ನ ಹಟ ಅಲ್ಲೇ ಕರಗಿತು. ಹೋಳಿಗೆ ಮಾಡಿದೆ.

ಬಂದರು. ಅವ್ವ ಒಬ್ಬಳು ಬರಲಿಲ್ಲ, ಬಿಸಿಲು ಆಗುವುದಿಲ್ಲ ಎಂದಳಂತೆ. ನನ್ನ ಯಜಮಾನರು ಬೀಜದ ಕಂಪನಿಯವರ ಸಭೆಗೆಂದು ಬೇರೆ ಊರಿಗೆ ಹೋಗಿದ್ದರು. ತಮ್ಮ ಕಾರನ್ನು ಬಾಗಿಲ ಎದುರು ರಸ್ತೆಯಲ್ಲೇ ನಿಲ್ಲಿಸಿ, ಒಂದು ಡಬ್ಬಿ ಪೇಢೆ ಹಿಡಿದು ಒಳಗೆ ಬಂದ. ನನ್ನ ಕೈಗೆ ಡಬ್ಬಿ ಕೊಡುವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ. “ತಪ್ಪಾತು ಅಕ್ಕಾ” ಅಂದ. “ಉಣ್ಣು ಮೊದಲ” ಅಂದೆ. ತಪ್ಪು ಒಪ್ಪಿಕೊಳ್ಳುವುದು ಅಪ್ಪನಿಗೂ ಬರುತ್ತಿರಲಿಲ್ಲ, ನನಗೂ ಬರುವುದಿಲ್ಲ. ಇವನಿಗಾದರೂ ಬಂತಲ್ಲ ಎಂದು ಖುಷಿಯಾಯಿತು.

ಹುಡುಗಿ ಬಹಳ ದಿನಗಳ ಮೇಲೆ ಬಿಡುವು ಸಿಕ್ಕ ಹಾಗೆ ಹೊರಗಿನ ಕಟ್ಟೆಯ ಮೇಲೆ ಆಡುತ್ತಿದ್ದಳು. ಅವರಪ್ಪ ಒಮ್ಮೆಯೂ ಒಳಗೆ ಬಾ ಎಂದು ಕೂಗಲಿಲ್ಲ. ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಂಡು, ಈ ವರ್ಷದ ಕಾಯಿಯ ದರ ಹೇಳುತ್ತಾ ಕೂತಿದ್ದ. ಅವನು ಅಷ್ಟು ಮಾತಾಡಿದ್ದನ್ನು ನಾನು ಕೇಳಿ ವರ್ಷವಾಗಿತ್ತು.

ತಾಟಿನ ಪಕ್ಕದಲ್ಲಿದ್ದ ಅವನ ಫೋನು ಒಮ್ಮೆ ಗುಂಯ್ ಅಂದಿತು. ಎಡಗೈಯಿಂದ ಎತ್ತಿ ನೋಡಿದ. ಫೋನನ್ನು ನನ್ನ ಕಡೆ ತಿರುಗಿಸಿದ. ಅದೇ ನಂಬರ್. ಮೊದಲ ಸಲ ಅದರಲ್ಲಿ ಅಂಕಿ ಇರಲಿಲ್ಲ, ಮಾತು ಇತ್ತು. ನಮ್ಮ ಭಾಷೆಯಲ್ಲಿ, ನಮ್ಮ ಕಡೆಯ ಮರ್ಯಾದೆಯಲ್ಲಿ.

“ಬಿಸಲ ಭಾಳ ಐತ್ರಿ. ಗಾಡಿ ನೆಳ್ಳಿಗೆ ನಿಂದ್ರಸ್ರಿ.”

ನಾನು ಓದಿ ಮುಗಿಸುವಷ್ಟರಲ್ಲಿ ತಮ್ಮನ ಹೆಂಡತಿ ಹೊರಗೆ ಓಡಿದ್ದಳು. ಹುಡುಗಿಯನ್ನು ಎತ್ತಿಕೊಂಡು ಒಳಗೆ ಬಂದಳು, ನಡುಮನೆ ದಾಟಿ ದೇವರ ಕೋಣೆಗೆ ಹೋಗಿ ಕದ ಹಾಕಿಕೊಂಡಳು. “ಯಾಕವ್ವಾ, ನಾ ಏನ ಮಾಡೇನಿ?” ಎಂದು ಹುಡುಗಿ ಒಳಗಿನಿಂದ ಕೇಳುತ್ತಿದ್ದಳು. ತಮ್ಮ ಕೂತಲ್ಲೇ ಕೂತಿದ್ದ. ದುಡ್ಡು ಕಾಣದಂತಾದ ಮೇಲೆ, ಅದನ್ನು ನೋಡುತ್ತಿದ್ದ ಕಣ್ಣು ಈಗ ಅವನ ಮೇಲೆ ತಿರುಗಿತ್ತು. ಇಬ್ಬರಿಗೂ ಅದು ಒಟ್ಟಿಗೇ ತಿಳಿಯಿತು. ಅವನು ಹಾವೇರಿಯ ಅಧಿಕಾರಿಗೆ ಫೋನ್ ಹಚ್ಚಲು ನೋಡಿದ. ಮತ್ತೆ ಮತ್ತೆ ನಂಬರ್ ತಪ್ಪುತ್ತಿತ್ತು. ನಾನೇ ಹಚ್ಚಿಕೊಟ್ಟೆ. ಅವನು ಮಾತಾಡುತ್ತಿರುವಾಗ ಮೇಜಿನ ಮೇಲಿದ್ದ ಕಾರಿನ ಕೀಲಿ ಎತ್ತಿಕೊಂಡು ಹೊರಗೆ ಬಂದೆ. ಕಾರನ್ನು ಕಾಂಪೌಂಡಿನ ಒಳಗೆ ತಂದು ಗೇಟ್ ಹಾಕಬೇಕೆಂದು.

ಬೀದಿ ಯಾವತ್ತಿನ ಹಾಗೆಯೇ ಇತ್ತು. ಮೂಲೆಯಲ್ಲಿ ಇಸ್ತ್ರಿಯವನು ಅಂಗಿ ತೀಡುತ್ತಿದ್ದ. ನೀರಿನ ಕ್ಯಾನ್ ಇಳಿಸುವ ಗಾಡಿ ನಿಂತಿತ್ತು, ಅದರ ಚಾಲಕ ಫೋನ್ ನೋಡುತ್ತಿದ್ದ. ಪಕ್ಕದ ಮನೆಯ ನಿವೃತ್ತ ಮಾಸ್ತರರು ಪೇಪರ್ ಹಿಡಿದು ವರಾಂಡದಲ್ಲಿ ಕೂತಿದ್ದರು. ಎದುರು ಮನೆಯ ಅಕ್ಕ ಹೊರಸಿನ ಮೇಲೆ ಸಂಡಿಗೆ ಒಣ ಹಾಕಿ, ಕಾಗೆ ಓಡಿಸಲು ಕೋಲು ಹಿಡಿದು ನೆರಳಲ್ಲಿ ಕೂತಿದ್ದರು. ಇವರ ಜೊತೆ ನಾನು ಈ ಬೀದಿಯಲ್ಲಿ ಹದಿನೆಂಟು ವರ್ಷ ಬಾಳಿದ್ದೇನೆ. ನನ್ನ ಹೆರಿಗೆಯ ಬಾಣಂತನಕ್ಕೆ ಆ ಅಕ್ಕನೇ ಎಣ್ಣೆ ನೀರು ಹಾಕಿದ್ದರು. ಒಬ್ಬೊಬ್ಬರ ಮುಖವನ್ನೂ ನೋಡಿದೆ. ಒಬ್ಬೊಬ್ಬರೂ ನನ್ನನ್ನು ನೋಡಿ ನಕ್ಕರು.

“ತಮ್ಮಾರು ಬಂದಾರೇನ್ರಿ ಬಾಯಾರ?” ಅಂದರು ಎದುರು ಮನೆಯ ಅಕ್ಕ. “ಮಗಳು ಭಾಳ ಬೆಳದಾಳ. ಊಟಾತೇನ್ರಿ ಅವ್ರದು?”

ಅವರು ಹೀಗೆ ಕೇಳದ ದಿನವಿಲ್ಲ. ನಾನು ನಿಂತು ಉತ್ತರ ಹೇಳದ ದಿನವೂ ಇಲ್ಲ.

“ಯಾರೂ ಬಂದಿಲ್ರಿ” ಅಂದೆ.

ಕಾರು ನಮ್ಮಿಬ್ಬರ ನಡುವೆ ಬಿಸಿಲಿನಲ್ಲಿ ನಿಂತಿತ್ತು. ಅದರ ಕೀಲಿ ನನ್ನ ಕೈಯೊಳಗೆ ಇತ್ತು. ಆ ಅಕ್ಕ ಕಾರನ್ನು ನೋಡಿದರು, ಕೀಲಿಯನ್ನು ನೋಡಿದರು, ಕೊನೆಗೆ ನನ್ನ ಮುಖ ನೋಡಿದರು. ಅವರ ನಗು ಮೆಲ್ಲಗೆ ಹೋಯಿತು. ಸಂಡಿಗೆ ತಿರುವಿ ಹಾಕತೊಡಗಿದರು. ನಾನು ಕಾರನ್ನು ಅಲ್ಲೇ ಬಿಟ್ಟು, ಒಳಗೆ ಹೋಗಿ ಚಿಲಕ ಹಾಕಿಕೊಂಡೆ.